ಗೇಟಿನ ಮುಂದಿನ ಗಾಡಿಗಳೂ ನಮ್ಮ ಸೋದರಮಾವನೂ

ನಮ್ಮ ಸೋದರಮಾವನಿಗೆ ಗಾಡಿ ಓಡಿಸಲು ಬರುವುದಿಲ್ಲ. ಕಾರು, ಬೈಕು ಹಾಗಿರಲಿ, ಸೈಕಲ್ ಹತ್ತಿದರೂ ಅದು ಅವರನ್ನು ನೇರವಾಗಿ ಚರಂಡಿಗೆ ಕರೆದುಕೊಂಡು ಹೋಗುತ್ತದೆ. ಅವರ ಮನೆಯಲ್ಲಿ ಚಕ್ರ ಇರುವ ವಸ್ತು ಎಂದರೆ ಗ್ಯಾಸ್ ಸಿಲಿಂಡರ್ ಇಡುವ ಸ್ಟ್ಯಾಂಡ್ ಒಂದೇ. ಆದರೆ ಇಡೀ ಬಂಗಾರಪೇಟೆಯಲ್ಲಿ ಪಾರ್ಕಿಂಗ್ ಬಗ್ಗೆ ಅವರಷ್ಟು ತಲೆ ಕೆಡಿಸಿಕೊಂಡವರು ಇನ್ನೊಬ್ಬರಿದ್ದರೆ ತೋರಿಸಿ, ಈ ಬರಹವನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತೇನೆ!

ಮಾವನ ಮನೆ ಇರುವುದು ರೈಲ್ವೆ ಸ್ಟೇಷನ್ನಿಗೂ ಮಾರ್ಕೆಟ್ಟಿಗೂ ನಡುವಿನ ಓಣಿಯಲ್ಲಿ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವವರು ಸುತ್ತಲ ಹಳ್ಳಿಗಳಿಂದ ಬೈಕಿನಲ್ಲಿ ಬರುತ್ತಾರೆ. ಸ್ಟ್ಯಾಂಡಿನಲ್ಲಿ ಜಾಗ ಸಿಗದೆಯೋ, ಹುಡುಕುವ ವ್ಯವಧಾನವಿಲ್ಲದೆಯೋ, ಎಲ್ಲರೂ ಈ ಓಣಿಗೆ ನುಗ್ಗುತ್ತಾರೆ. ಅವರು ಹೋದ ಮೇಲೆ ಮಾರ್ಕೆಟ್ಟಿಗೆ ಬಂದವರು ಉಳಿದ ಸಂದುಗೊಂದುಗಳನ್ನು ತುಂಬುತ್ತಾರೆ. ಎಂಟು ಗಂಟೆಗೆ ನಮ್ಮತ್ತೆ ಹಾಲು ತರಲು ಹೊರಟರೆ ಸೆರಗು ಸುತ್ತಿಕೊಂಡು, ಉಸಿರು ಬಿಗಿಹಿಡಿದು, ಏಡಿಯಂತೆ ಅಡ್ಡಡ್ಡ ನಡೆಯಬೇಕು.

ಗಾಡಿ ನಿಲ್ಲಿಸುವವರನ್ನು ಕೇಳಿದರೆ ಸಿಗುವ ಉತ್ತರ ಒಂದೇ. ಕೆಜಿಎಫ್ ಕಡೆಯವರು ತಮಿಳಿನಲ್ಲಿ, ಗಡಿ ಕಡೆಯವರು ತೆಲುಗಿನಲ್ಲಿ, ಊರಿನವರು ಕನ್ನಡದಲ್ಲಿ ಹೇಳುವುದು ‘ಐದೇ ನಿಮಿಷ’ ಎಂದು. ಯಾವ ಭಾಷೆಯಲ್ಲಿ ಹೇಳಿದರೂ ಆ ಐದು ನಿಮಿಷ ಮುಗಿಯುವುದು ಸಂಜೆಯ ರೈಲು ಬಂದ ಮೇಲೆಯೇ.

ಆ ಪಾಪಿಗಳಲ್ಲಿ ನಾನೂ ಒಬ್ಬಳು. ಬೇತಮಂಗಲದಿಂದ ಸ್ಕೂಟರಿನಲ್ಲಿ ಬಂದು ರೈಲು ಹಿಡಿಯುವವಳು. ಅಕ್ಕನ ಮಗಳೆಂಬ ಸಲಿಗೆಯಿಂದ ಕಾಂಪೌಂಡಿನ ಒಳಗೆ ಜಾಗ ಕೇಳಿದಾಗ ಮಾವ ಎರಡು ದಿನ ಯೋಚಿಸಿದರು. ಕೊನೆಗೆ ಕೊಟ್ಟರು. ಕರುಳು ಕರಗಿ ಕೊಟ್ಟರೆಂದುಕೊಂಡೀರಿ! ಬೆಳಗಾಗೆದ್ದು ತಮ್ಮ ಗೋಳು ಕೇಳಲು ಅವರಿಗೆ ಒಂದು ಜೀವ ಬೇಕಾಗಿತ್ತು. ಅತ್ತೆ ಆ ಹುದ್ದೆಗೆ ಎಂದೋ ರಾಜೀನಾಮೆ ಕೊಟ್ಟಿದ್ದರು.

ಮೊದಲು ಮಾವ ನಂಬಿದ್ದು ಬೋರ್ಡನ್ನು. ಓಣಿಯ ಜನ ಮೂರು ಭಾಷೆಯವರಾದ್ದರಿಂದ ‘ಇಲ್ಲಿ ಗಾಡಿ ನಿಲ್ಲಿಸಬಾರದು’ ಎಂದು ಮೂರು ಭಾಷೆಯಲ್ಲೂ ಬರೆಸಿ ಗೇಟಿಗೆ ತೂಗುಹಾಕಿದರು. ಒಂದು ವಾರ ಓಣಿಯ ತುಂಬ ಅದರದೇ ಚರ್ಚೆ. ತೆಲುಗಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ ಎಂದು ಒಬ್ಬ, ತಮಿಳಿನಲ್ಲಿ ಮರ್ಯಾದೆ ಸಾಲದು ಎಂದು ಇನ್ನೊಬ್ಬ. ಹಾಗೆ ತಪ್ಪು ಹೇಳಲು ಬಂದವರೆಲ್ಲ ಬೈಕನ್ನು ಅದೇ ಬೋರ್ಡಿನ ಕೆಳಗೆ ನಿಲ್ಲಿಸಿಯೇ ಹೇಳಿದರು. ಎರಡನೇ ವಾರಕ್ಕೆ ಬೋರ್ಡಿನ ಮೂಲೆಗೆ ಹೆಲ್ಮೆಟ್ ನೇತುಹಾಕುವುದು ಶುರುವಾಯಿತು.

ಆಮೇಲೆ ಅರ್ಜಿ. ಮಾವ ತಾಲ್ಲೂಕು ಕಚೇರಿಯ ರಿಕಾರ್ಡ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅರ್ಜಿ ಬರೆಯಲು ಕೂತರೆ ಊಟ ಮರೆಯುತ್ತಾರೆ. ಎಷ್ಟು ಕಡೆ ಬರೆದರೋ, ಕೊನೆಗೊಂದು ದಿನ ವಿಚಾರಿಸಲು ಸಾಹೇಬರೊಬ್ಬರು ಬೈಕಿನಲ್ಲಿ ಬಂದೇಬಿಟ್ಟರು. ಓಣಿಯನ್ನು ಎರಡು ಸುತ್ತು ಹಾಕಿದರು. ಎಲ್ಲೂ ಜಾಗ ಕಾಣದೆ ಮಾವನ ಗೇಟಿಗೇ ಬೈಕ್ ಒರಗಿಸಿ ಒಳಗೆ ಬಂದರು. ಕಾಫಿ ಕುಡಿದು, ಸಮಸ್ಯೆ ಅಷ್ಟೇನೂ ಗಂಭೀರವಾಗಿಲ್ಲ ಎಂದು ಬರೆದುಕೊಂಡು ಹೊರಗೆ ಬಂದು ನೋಡಿದರೆ, ಅವರ ಬೈಕಿಗೆ ಅಡ್ಡಲಾಗಿ ಇನ್ನೂ ನಾಲ್ಕು ನಿಂತಿದ್ದವು. ಸಾಹೇಬರು ಅಂದು ಮಧ್ಯಾಹ್ನದ ಊಟವನ್ನೂ ಸಣ್ಣದೊಂದು ನಿದ್ದೆಯನ್ನೂ ಮಾವನ ಮನೆಯಲ್ಲೇ ಮುಗಿಸಿ, ಸಂಜೆ ರೈಲು ಬಂದ ಮೇಲೆ ಹೊರಟರು. ‘ಅಷ್ಟೇನೂ’ ಎಂಬ ಪದವನ್ನು ಹೊಡೆದುಹಾಕಿದರೋ ಇಲ್ಲವೋ ನನಗೆ ತಿಳಿಯದು.

ಇಷ್ಟಾದ ಮೇಲೆ ಬೇರೆ ಯಾರಾದರೂ ಸೋಲೊಪ್ಪುತ್ತಿದ್ದರು. ಮಾವ ಒಂದು ಕಾರು ಕೊಂಡರು!

ಓಡಿಸಲು ಅಲ್ಲ, ನಿಲ್ಲಿಸಲು. ಗೇಟಿನ ಮುಂದೆ ತಮ್ಮದೇ ಕಾರು ನಿಂತಿದ್ದರೆ ಬೇರೆಯವರು ಎಲ್ಲಿ ನಿಲ್ಲಿಸುತ್ತಾರೆ ಎಂಬುದು ಅವರ ಲೆಕ್ಕಾಚಾರ. ಪರಿಚಯದವರೊಬ್ಬರ ಶೆಡ್ಡಿನಲ್ಲಿ ಕೊಳೆಯುತ್ತಿದ್ದ ಹಳೆಯ ಕಾರನ್ನು ಆರು ಜನ ತಳ್ಳಿಕೊಂಡು ಬಂದು ಗೇಟಿನ ಮುಂದೆ ಬಿಟ್ಟರು. ಮಾವ ಅದಕ್ಕೆ ಹಾರ ಹಾಕಿ, ನಿಂಬೆಹಣ್ಣು ಇಟ್ಟರು. ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಹಾಗೇ ಒಣಗಿತು, ಏಕೆಂದರೆ ಚಕ್ರ ಉರುಳಲೇ ಇಲ್ಲ. ಬೈಕುಗಳು ಕಾರಿನ ಸುತ್ತ ನಿಂತವು. ಸೊಪ್ಪು ಮಾರುವಾಕೆ ಬಾನೆಟ್ಟಿನ ಮೇಲೆ ಕೊತ್ತಂಬರಿ ಕಟ್ಟು ಹರಡಿದಳು. ಎಲ್ಲಕ್ಕಿಂತ ಮಿಗಿಲಾಗಿ, ಈಗ ಗೇಟು ಅರ್ಧಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಅತ್ತೆ ಹಾಲಿನ ಕ್ಯಾನು ಹಿಡಿದು ಒಂದು ದಿನ ಅಲ್ಲೇ ನಿಂತರು.

“ಬ್ಯಾರೆಯೋರ ಗಾಡಿ ಆಗಿದ್ರೆ ಬಯ್ಕೊಂಡಾದ್ರೂ ಓಗ್ತಿದ್ದೆ,” ಎಂದರು. “ಇದಕ್ಕೆ ಯಾರ್ನ ಬಯ್ಲಿ, ಏಳಿ.”

ಆ ವಾರವೇ ಕಾರು ಗುಜರಿಗೆ ಹೋಯಿತು.

ಕೊನೆಯ ಅಸ್ತ್ರ ನೋಟ್‌ಬುಕ್. ಉದ್ದನೆಯ, ಗಟ್ಟಿ ರಟ್ಟಿನ, ರಿಕಾರ್ಡ್ ರೂಮಿನ ಶೈಲಿಯದು. ಯಾವ ಗಾಡಿ, ಯಾವ ಬಣ್ಣ, ಎಷ್ಟು ಗಂಟೆಗೆ ಬಂತು, ಯಾವ ಊರಿನವನು, ಯಾವ ರೈಲಿಗೆ ಹೋಗುತ್ತಾನೆ, ಯಾವ ರೈಲಿಗೆ ಬರುತ್ತಾನೆ, ಎಲ್ಲವೂ ಅದರಲ್ಲಿ ದಾಖಲಾಯಿತು. ಜಗಳವಾಡುತ್ತಲೇ ಒಬ್ಬೊಬ್ಬರ ಫೋನ್ ನಂಬರನ್ನೂ ಕಿತ್ತುಕೊಂಡರು. ಕಾಂಪೌಂಡಿನ ಒಳಗಿದ್ದರೂ ನನ್ನ ಸ್ಕೂಟರಿಗೆ ವಿನಾಯಿತಿ ಇರಲಿಲ್ಲ. ಮಾವ ಫೋನ್ ಮಾಡುವ ಹೊತ್ತಿಗೆ ರೈಲು ಮಾಲೂರು ದಾಟಿರುತ್ತಿತ್ತು. ಕಿಕ್ಕಿರಿದ ಬೋಗಿಯಲ್ಲಿ ಒಂಟಿ ಕಾಲಲ್ಲಿ ನಿಂತವನಿಗೆ ಫೋನ್ ಬರುತ್ತಿತ್ತು, ಬಂದು ಗಾಡಿ ತೆಗೆ ಎಂದು. ಅವನು ಎಲ್ಲಿಂದ ಬರಬೇಕು, ಚೈನು ಎಳೆದೇ? ನಾನೇ ಎಷ್ಟೋ ಸಲ ಅದೇ ಬೋಗಿಯಲ್ಲಿ, ಆ ಧ್ವನಿಯ ಪರಿಚಯವೇ ಇಲ್ಲದವಳಂತೆ ಕಿಟಕಿಯಾಚೆ ನೋಡುತ್ತ ಕೂತಿದ್ದೇನೆ.

ಓದುಗರು ನಗುತ್ತಿರಬಹುದು. ನಾನೂ ನಗುತ್ತಿದ್ದೆ, ಹೋದ ವರ್ಷದ ಆ ಬುಧವಾರದವರೆಗೆ.

ಮಾವನನ್ನು ಎಲ್ಲರಿಗಿಂತ ಹೆಚ್ಚು ಕಾಡಿದವನು ಕಾಮಸಮುದ್ರದ ಕಡೆಯ ಒಬ್ಬ ಗಾರೆ ಕೆಲಸದವನು. ಅವನ ಹಳೆಯ ಮೊಪೆಡ್ಡಿನ ಸ್ಟ್ಯಾಂಡ್ ಮುರಿದಿತ್ತು. ಆದ್ದರಿಂದ ದಿನಾ ಅದನ್ನು ಗೇಟಿಗೇ ಅಡ್ಡಲಾಗಿ ಒರಗಿಸಿ, ಮಾವ ಬಯ್ಯುವುದನ್ನು ಹಲ್ಲು ಕಿರಿದು ಕೇಳಿಸಿಕೊಂಡು, ರೈಲಿಗೆ ಓಡುತ್ತಿದ್ದ. ಸೋಮವಾರ ಒರಗಿಸಿ ಹೋದ ಮೊಪೆಡ್ ಮಂಗಳವಾರವೂ ಅಲ್ಲೇ ಇತ್ತು. ಅಂದು ಮಾವ ಕುಣಿದಾಡಿದರು. ಇನ್ನು ಬಾಡಿಗೆಗೇ ಬಂದು ಇರಲಿ ಎಂದು ನನ್ನೆದುರು ಕೂಗಾಡಿದರು. ಬುಧವಾರ ಬೆಳಿಗ್ಗೆ ನಾನು ಹೋದಾಗ ಅವರು ಮೊಪೆಡ್ಡಿನ ಮುಂದೆ ಸುಮ್ಮನೆ ನಿಂತಿದ್ದರು.

“ಅಮ್ಮಣ್ಣಿ, ಇವ್ನು ಬಂದಿಲ್ಲ ಕಣೆ,” ಎಂದರು. “ಫೋನೂ ಓಗ್ತಿಲ್ಲ.”

ಎಲ್ಲೋ ನೆಂಟರ ಮನೆಯಲ್ಲಿ ಉಳಿದಿರಬೇಕು ಎಂದು ಹೇಳಿ ನಾನು ರೈಲಿಗೆ ಹೊರಟೆ. ಮಾವ ಅದನ್ನು ಒಪ್ಪಲಿಲ್ಲ. ಬಸ್ಸು ಹಿಡಿದು ಕಾಮಸಮುದ್ರಕ್ಕೆ ಹೋದರು. ಅಲ್ಲಿಂದ ಎರಡು ಮೈಲಿ ನಡೆದು ಅವನ ಊರು ಹುಡುಕಿದರು. ಅವನ ಹೆಂಡತಿ ಹಸುಗಳಿಗೆ ಹುಲ್ಲು ಹಾಕುತ್ತಿದ್ದಳಂತೆ. ಕೆಲಸ ಹೆಚ್ಚಿದ್ದಾಗ ಅವನು ಬೆಂಗಳೂರಿನಲ್ಲೇ ಎರಡು ಮೂರು ದಿನ ಉಳಿಯುವುದು ರೂಢಿ. ಆದ್ದರಿಂದ ಅವಳು ಗಾಬರಿಯಾಗಿರಲಿಲ್ಲ. ಹಾಗೆ ಉಳಿಯುವಾಗ ಮೊಪೆಡ್ ಒಯ್ಯುವುದಿಲ್ಲ, ಬಸ್ಸಿನಲ್ಲೇ ಹೋಗುತ್ತಾನೆ ಎಂದು ಅವಳೇ ಮಾತಿನ ನಡುವೆ ಹೇಳಿದಳು. ಹೇಳಿದವಳು ಅಲ್ಲಿಗೇ ನಿಂತುಬಿಟ್ಟಳು. ತಮ್ಮ ಗೇಟಿನಲ್ಲಿ ಮೊಪೆಡ್ ಮೂರು ದಿನದಿಂದ ನಿಂತಿದೆ ಎಂದು ಮಾವ ಹೇಳಿದ್ದರ ಅರ್ಥ ಅವಳಿಗೆ ಆಗ ಹೊಳೆಯಿತು.

ಮಾವ ನೋಟ್‌ಬುಕ್ ತೆರೆದು ಕಾಮಸಮುದ್ರದ ಕಡೆಯವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದರು. ಮತ್ತೆ ಬಯ್ಗುಳವೇ ಎಂದುಕೊಂಡು ಮೂವರು ಎತ್ತಲೇ ಇಲ್ಲ. ನಾಲ್ಕನೆಯವನಿಗೆ ಆ ಗಾರೆಯವನ ಮೇಸ್ತ್ರಿಯ ಪರಿಚಯವಿತ್ತು. ಮೇಸ್ತ್ರಿಯಿಂದ ವಿಷಯ ಹೊರಬಿತ್ತು. ಸೋಮವಾರ ಸಂಜೆ ಕಟ್ಟಡಕ್ಕೆ ಕಟ್ಟಿದ್ದ ಸಾರ್ವೆಯ ಕಂಬ ಮುರಿದು, ಅದರ ಮೇಲೆ ನಿಂತಿದ್ದವನು ಕೆಳಕ್ಕೆ ಬಿದ್ದಿದ್ದ. ತೊಡೆಮೂಳೆ ಮುರಿದಿತ್ತು, ತಲೆಗೆ ಏಟಾಗಿ ಎಚ್ಚರ ತಪ್ಪಿತ್ತು, ಫೋನ್ ಪುಡಿಯಾಗಿತ್ತು. ಆಸ್ಪತ್ರೆಗೆ ಸೇರಿಸಿದ ಮೇಸ್ತ್ರಿಗೆ ಅವನ ಊರು ಯಾವುದೆಂದು ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಆತುರವೂ ಇದ್ದಂತಿರಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಆ ಹೆಣ್ಣುಮಗಳನ್ನು ಕರೆದುಕೊಂಡು ನನ್ನ ಜೊತೆಯಲ್ಲೇ ರೈಲು ಹತ್ತಿದರು. ನಾನು ಕೆಲಸಕ್ಕೆ ರಜೆ ಹಾಕಿದೆ. ವಾರ್ಡಿನಲ್ಲಿ ಅವನು ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ. ಹೆಂಡತಿ ಮಂಚದ ಸರಳು ಹಿಡಿದು ಅಳುತ್ತಿದ್ದಳು. ಅವನು ಕಣ್ಣು ಬಿಟ್ಟವನು ಅವಳನ್ನು ನೋಡಿದ, ಆಮೇಲೆ ಮಾವನನ್ನು. ಏಳಲು ಹೋದ, ಆಗಲಿಲ್ಲ.

“ಸಾ, ಗೇಟ್‌ಗೆ ಅಡ್ಡ ಬುಟ್ಟು ಬಂದ್ಬುಟ್ಟೆ,” ಎಂದ. “ತಪ್ಪಾಯ್ತು.”

ಮಾವ ಅವನ ಕೈ ಹಿಡಿದುಕೊಂಡರು. “ಇರ್ಲಿ ಬುಡ್ಲಾ,” ಎಂದರು. “ಅಲ್ಲೇ ಇರ್ಲಿ.”

ಮೊಪೆಡ್ ನಾಲ್ಕು ತಿಂಗಳು ಅಲ್ಲೇ ಇತ್ತು. ಮಾವ ಅದಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದರು. ಎಂಜಿನ್ ಹಿಡಿದುಕೊಳ್ಳಬಾರದೆಂದು ಭಾನುವಾರಕ್ಕೊಮ್ಮೆ ಇಟ್ಟಿಗೆ ಕೊಟ್ಟು ಎತ್ತಿ ನಿಲ್ಲಿಸಿ, ಪೆಡಲ್ ತುಳಿದು ಶುರು ಮಾಡುತ್ತಿದ್ದರು. ಅತ್ತೆ ಅದರ ಪಕ್ಕದಲ್ಲೇ ಅಡ್ಡಡ್ಡ ನಡೆದು ಹಾಲು ತಂದರು. ಕೋಲೂರಿಕೊಂಡು ಬಂದು ಗಾಡಿ ಒಯ್ದವನು ಈಗ ಊರಲ್ಲೇ ಹಸು ನೋಡಿಕೊಂಡು, ಬೆಳಿಗ್ಗೆ ಡೇರಿಗೆ ಹಾಲು ಹಾಕುತ್ತಿದ್ದಾನೆ.

ಮಾವ ಈಗಲೂ ಬಯ್ಯುತ್ತಾರೆ, ಈಗಲೂ ಬರೆದುಕೊಳ್ಳುತ್ತಾರೆ. ಹೋದ ತಿಂಗಳು ನಾನು ಬೆಂಗಳೂರಿನಲ್ಲಿ ಗೆಳತಿಯ ಮನೆಗೆ ಹೋದವಳು, ಅವಳ ಒತ್ತಾಯಕ್ಕೆ ಅಲ್ಲೇ ಉಳಿದುಕೊಂಡೆ. ಸಂಜೆ ರೈಲು ಬಂಗಾರಪೇಟೆ ಮುಟ್ಟಿ, ಓಣಿಯ ಗಾಡಿಗಳೆಲ್ಲ ಹೊರಟುಹೋಗುವ ಹೊತ್ತಿಗೆ ಫೋನ್ ಬಂತು.

“ಅಮ್ಮಣ್ಣಿ, ನಿನ್ ಗಾಡಿ ಇಲ್ಲೇ ಐತೆ.”

ಇವತ್ತು ಬರುವುದಿಲ್ಲ, ನಾಳೆ ಬಂದು ತೆಗೆಯುತ್ತೇನೆ ಮಾವ ಎಂದೆ. ಮಾವ ಗಾಡಿಯ ಮಾತು ಬಿಟ್ಟರು. ಯಾರ ಮನೆ, ಊಟ ಏನು ಎಂದು ಕೇಳಿದರು.

“ಸರಿ, ಅಂಗಾದ್ರೆ ಗೇಟ್ ಆಕ್ಕೊಂತೀನಿ,” ಎಂದು ಫೋನ್ ಇಟ್ಟರು.