ಗಿಟಾರಿನ ಕೆಳಗೆ ಮಲಗುವವರು

ಹೊಗಳಿಕೆಗೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಎನ್ನುವವರು ನನ್ನ ಪಾಡನ್ನು ಒಮ್ಮೆ ನೋಡಬೇಕು. ನನ್ನನ್ನು ಈ ಲೋಕದಲ್ಲಿ ಇಬ್ಬರು ಹೊಗಳುತ್ತಾರೆ. ನಾನು ಚೆನ್ನಾಗಿ ನುಡಿಸಿದರೂ ಹೊಗಳುತ್ತಾರೆ, ಕೆಟ್ಟದಾಗಿ ನುಡಿಸಿದರೆ ಇನ್ನಷ್ಟು ಹೊಗಳುತ್ತಾರೆ. ಹೀಗಾಗಿ ನನಗೆ ನುಡಿಸಲು ಬರುತ್ತದೆಯೋ ಇಲ್ಲವೋ ಎಂಬುದು ತಲೆ ನರೆತರೂ ಗೊತ್ತಾಗಿಲ್ಲ. ಗೊತ್ತು ಮಾಡಿಸಬಲ್ಲವಳು ನನ್ನ ಹೆಂಡತಿ ರುಕ್ಮಿಣಿ ಒಬ್ಬಳೇ. ಅವಳು ಸುಳ್ಳು ಹೇಳುವವಳಲ್ಲ, ಆದರೆ ನಿಜವನ್ನೂ ಹೇಳುವುದಿಲ್ಲ. ಒಂದು ಹಾಡು ಮುಗಿಸಿ ನಾನು ಆಸೆಯಿಂದ ಅಡುಗೆಮನೆಯ ಕಡೆ ನೋಡಿದರೆ, "ಮುಗೀತಾ? ಕೈ ತೊಳ್ಕಳಿ, ತಟ್ಟೆ ಇಡ್ತೀನಿ" ಎನ್ನುತ್ತಾಳೆ. ಮದುವೆಯಾದಂದಿನಿಂದ ನನ್ನ ಸಂಗೀತದ ಬಗ್ಗೆ ಅವಳ ಅಭಿಪ್ರಾಯ ಇಷ್ಟೇ. ಒಂದೇ ಒಂದು ಸಲ ಅವಳ ಬಾಯಿಂದ ಚೆನ್ನಾಗಿತ್ತು ಎಂದು ಕೇಳಬೇಕು ಎನ್ನುವುದು ನನ್ನ ಆಸೆ.

ನಾನು ನುಡಿಸುವುದು ಪೆಡಲ್ ಸ್ಟೀಲ್ ಗಿಟಾರ್. ನೋಡುವುದಕ್ಕೆ ಅದು ಗಿಟಾರಿನಂತೆ ಇರುವುದಿಲ್ಲ, ಇಸ್ತ್ರಿ ಮಾಡುವ ಮೇಜಿನಂತೆ ಇರುತ್ತದೆ. ನಮ್ಮ ಬೀದಿಯವರೊಬ್ಬರು ಅದರ ಮೇಲೆ ಎರಡು ಅಂಗಿ ಇಟ್ಟು, ಸಾಯಂಕಾಲ ಬಂದು ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಹೋಗಿದ್ದೂ ಉಂಟು. ಬಲಗೈಯಲ್ಲಿ ತಂತಿ ಮೀಟಬೇಕು, ಎಡಗೈಯಲ್ಲಿ ಒಂದು ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಬೇಕು. ಅಷ್ಟರಲ್ಲಿ ಪಾದಗಳು ಕೆಳಗಿನ ಪೆಡಲುಗಳನ್ನು ತುಳಿಯುತ್ತಿರಬೇಕು, ಮೊಣಕಾಲುಗಳು ಅಕ್ಕಪಕ್ಕದ ಸರಳುಗಳನ್ನು ನೂಕುತ್ತಿರಬೇಕು. ತುಳಿದಾಗ ತಂತಿ ಬಿಗಿಯಾಗಿ ಸ್ವರ ಮೇಲಕ್ಕೆ ಏರುತ್ತದೆ. ಆ ಏರುವ ಸದ್ದಿಗಾಗಿಯೇ ಇಷ್ಟೆಲ್ಲ ಪಾಡು. ನಾನು ಸೇಲಂನ ಮಗ್ಗದವನು. ಕೈ ಒಂದು ಕೆಲಸ, ಕಾಲು ಇನ್ನೊಂದು ಕೆಲಸ ಮಾಡುವುದು ನನಗೆ ಹೊಸದಲ್ಲ. ಫೋನಿನಲ್ಲಿ ಈ ವಾದ್ಯವನ್ನು ಮೊದಲ ಸಲ ನೋಡಿದಾಗ, ಯಾವುದೋ ದೂರದೇಶದ ಮನುಷ್ಯ ಸೀರೆಯಿಲ್ಲದೆ ನೇಯುತ್ತಿದ್ದಾನೆ ಅನ್ನಿಸಿತು.

ನಮ್ಮ ಎರಡು ಜಿಲ್ಲೆಗಳಲ್ಲಿ ಇದನ್ನು ನುಡಿಸುವವರು, ನನಗೆ ತಿಳಿದಂತೆ, ಮೂವರು. ಹಿರಿಯರು ಕಂಬೈನಲ್ಲೂರಿನ ಮುನಿರಾಜಣ್ಣ. ಲೇತ್ ಪಟ್ಟರೆ, ಅಂದರೆ ಕಬ್ಬಿಣ ಕಡೆಯುವ ಸಣ್ಣ ಕಾರ್ಖಾನೆ, ಇಟ್ಟುಕೊಂಡಿದ್ದಾರೆ. ಮೂವರ ಗಿಟಾರನ್ನೂ ಅವರೇ ಮಾಡಿದ್ದು. ಪೆಡಲಿಗೂ ತಂತಿಗೂ ನಡುವೆ ಸೈಕಲ್ಲಿನ ಸ್ಪೋಕ್ ಕಟ್ಟಿ, ತುದಿಗೆ ಕೊಂಡಿ ಹಾಕಿದ್ದಾರೆ. ಕಿರಿಯವನು ಪೆನ್ನಾಗರಂನ ಮಾದಪ್ಪ, ಕುರಿ ಸಾಕುವವನು. ಪಂಪಿನ ಶಾಫ್ಟ್ ರಿಪೇರಿಗೆ ಪಟ್ಟರೆಗೆ ಹೋಗಿದ್ದವನು ಗಿಟಾರಿನ ಸದ್ದು ಕೇಳಿ ಅಲ್ಲೇ ಕೂತ. ಶಾಫ್ಟ್ ಅವತ್ತೇ ಸರಿಹೋಯಿತು, ಅವನು ಹೋಗಲಿಲ್ಲ.

ನಾವು ಮೂವರು ಸೇರಿದರೆ ಮೊದಲು ಯಾರು ನುಡಿಸಬೇಕು ಎನ್ನುವುದೇ ಪಂಚಾಯಿತಿ. "ನೀವಿರೋವಾಗ ನಾನಾ?" ಎಂದು ಮಾದಪ್ಪ ಹಿಂದೆ ಸರಿಯುತ್ತಾನೆ. "ಮಾದಪ್ಪನ್ ಮುಂದೆ ನಮ್ದೆಲ್ಲ ಯಾವ ಮೂಲೆ" ಎಂದು ಮುನಿರಾಜಣ್ಣ ಗೋಡೆಗೆ ಒರಗುತ್ತಾರೆ. ನಾನು ಇಬ್ಬರನ್ನೂ ತೋರಿಸಿ ಕೈ ಮುಗಿಯುತ್ತೇನೆ. ಕಾಫಿ ಆರಿಹೋಗುತ್ತದೆ. ವಾಟ್ಸಾಪಿನಲ್ಲಿ ನಮ್ಮದೊಂದು ಗುಂಪು ಇದೆ. ಇರುವವರು ಮೂವರು, ಅಡ್ಮಿನ್‌ಗಳೂ ಮೂವರು, ಏಕೆಂದರೆ ಮಿಕ್ಕಿಬ್ಬರಿಗಿಂತ ಮೇಲೆ ಇರಲು ಯಾರೂ ಒಪ್ಪಲಿಲ್ಲ. ಒಮ್ಮೆ ನಾನು ಶ್ರುತಿ ತಪ್ಪಿದ್ದನ್ನೇ ರೆಕಾರ್ಡ್ ಮಾಡಿ ಕಳಿಸಿಬಿಟ್ಟೆ. "ಅಣ್ಣ, ಆ ಜಾಗದಲ್ಲಿ ತಪ್ಪು ಸ್ವರ ಆಕೋ ಧೈರ್ಯ ಬೇರೆ ಯಾರ್ಗೈತೆ?" ಎಂದು ಮಾದಪ್ಪನಿಂದ ಉತ್ತರ ಬಂತು. ಬೇರೆ ವಾದ್ಯದವರು ಒಬ್ಬರ ತಪ್ಪನ್ನು ಒಬ್ಬರು ಹುಡುಕಿ ಬೆಳೆಯುತ್ತಾರಂತೆ. ನಾವು ಹಾಗೆ ಮಾಡುವಂತಿಲ್ಲ. ಒಬ್ಬ ಮುನಿಸಿಕೊಂಡರೂ ನಮ್ಮ ವಾದ್ಯದ ಮೂರನೇ ಒಂದು ಪಾಲು ಹೋದಂತೆ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಈ ಗಿಟಾರಿನಲ್ಲಿ ಕೈ ಮಾಡುವುದು ಅರ್ಧ ಕೆಲಸ, ಉಳಿದರ್ಧ ಕೆಳಗೆ ನಡೆಯುತ್ತದೆ. ಆದ್ದರಿಂದ ಒಬ್ಬ ನುಡಿಸುವಾಗ ಉಳಿದ ಇಬ್ಬರು ನೆಲದ ಮೇಲೆ ಅಂಗಾತ ಮಲಗಿ, ತಲೆಯನ್ನು ಗಿಟಾರಿನ ಕೆಳಗೆ ಇಟ್ಟುಕೊಂಡು ಕಾಲು ನೋಡುತ್ತಾರೆ. ನಮ್ಮಲ್ಲಿ ಮರ್ಯಾದೆ ಕೊಡುವುದು ಹೀಗೆ. ಮೊದಲ ಸಲ ಇದನ್ನು ಕಂಡ ರುಕ್ಮಿಣಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಂದೊಂದು ತಲೆಯ ಪಕ್ಕಕ್ಕೂ ಒಂದೊಂದು ಲೋಟ ಇಟ್ಟು ಒಳಗೆ ಹೋದಳು.

ಈಚೆಗೆ ಮೇಚೇರಿಯಲ್ಲಿ ಅವಳ ಅಣ್ಣನ ಮಗಳ ನಿಶ್ಚಿತಾರ್ಥವಾಯಿತು. ಭಾವನವರು ಫೋನ್ ಮಾಡಿ, "ಮಾಪ್ಳೆ, ನಾದಸ್ವರದೋರು ಬರೋದು ಲೇಟ್ ಆಗ್ತೈತಂತೆ. ಅದ್ವರ್ಗೂ ನಿಮ್ದು ಏನೋ ಐತಲ್ಲ, ತಂದು ಬಾರ್ಸಿ" ಎಂದರು. ಇದಕ್ಕಿಂತ ದೊಡ್ಡ ಆಹ್ವಾನ ನನಗೆ ಯಾವತ್ತೂ ಬಂದಿರಲಿಲ್ಲ. ರುಕ್ಮಿಣಿ ಸೀರೆ ಮಡಿಚಿಡುತ್ತಾ, "ನಮ್ ಕಡೇರೆಲ್ಲ ಬರ್ತಾರೆ. ನಾನು ಅಲ್ಲೇ ಮುಂದೆ ಕೂತಿರ್ತೀನಿ. ಅಷ್ಟು ನೆಪ್ಪಿಟ್ಕಳಿ" ಎಂದಳು. ಅಂದರೆ ಕೂತು ಕೇಳುತ್ತಾಳೆ. ಅಡುಗೆಮನೆ ಅಡ್ಡ ಬರುವುದಿಲ್ಲ.

ಮಂಟಪದಲ್ಲಿ ಗಿಟಾರ್ ಇಟ್ಟು ನಾನು ಕೂತ ಕೂಡಲೇ ಮುನಿರಾಜಣ್ಣ, ಮಾದಪ್ಪ ಇಬ್ಬರೂ ಬಿಳಿ ಪಂಚೆ ಸರಿಮಾಡಿಕೊಂಡು ಜಮಖಾನದ ಮೇಲೆ ಅಂಗಾತ ಮಲಗಿದರು. ಕರೆಂಟ್ ಹೊಡೆದಿರಬೇಕು ಎಂದು ಗಂಡಿನ ಕಡೆಯವರೊಬ್ಬರು ಸ್ವಿಚ್ ಹುಡುಕಿಕೊಂಡು ಓಡಿದರು. ಇನ್ನೊಬ್ಬರು ಗೋಲಿ ಸೋಡಾ ತಂದುಕೊಟ್ಟರು. ಬೇಡ ಎನ್ನುವುದು ಚೆನ್ನಾಗಿರುವುದಿಲ್ಲವೆಂದು ಮುನಿರಾಜಣ್ಣ ಮಲಗಿದಲ್ಲೇ ಕುಡಿದರು. ರುಕ್ಮಿಣಿ ಮುಂದಿನ ಸಾಲಿನಲ್ಲಿ ಕೂತು ಮೇಲಿನ ಫ್ಯಾನು ನೋಡುತ್ತಿದ್ದಳು.

ಹಾಡಿನ ಅರ್ಧದವರೆಗೂ ನಾನು ಮಾಮೂಲಾಗಿಯೇ ನುಡಿಸಿದೆ. ಸ್ವರ ನಿಧಾನವಾಗಿ ಏರಬೇಕಾದ ಜಾಗ ಬಂತು. ಪೆಡಲ್ ತುಳಿದೆ. ಅದು ಸೀದಾ ನೆಲಕ್ಕೆ ಹೋಗಿ ಕೂತಿತು, ಕೊಂಡಿ ಕಳಚಿಕೊಂಡಿತ್ತು. ಆದರೆ ಸ್ವರ ಏರಿತು. ನಾನು ಏರಿಸದೆ ಏರಿತು, ನಾನು ಯಾವತ್ತೂ ಏರಿಸದಷ್ಟು ಮೆತ್ತಗೆ ಏರಿತು. ಬಗ್ಗಿ ನೋಡಿದರೆ, ಮಾದಪ್ಪ ಎರಡು ಬೆರಳಲ್ಲಿ ಸ್ಪೋಕ್ ಹಿಡಿದು ಎಳೆಯುತ್ತಿದ್ದ. ಕಣ್ಣು ನನ್ನ ಪಾದದ ಮೇಲೇ ಇತ್ತು. ನನ್ನದು ಮಗ್ಗದ ಕಾಲು, ಠಪ್ಪೆಂದು ತುಳಿಯುವುದು ಬಿಟ್ಟರೆ ಅದಕ್ಕೆ ಬೇರೆ ಬರುವುದಿಲ್ಲ. ಅವನದು ಕುರಿಮರಿಯ ಕಾಲಿಂದ ಮುಳ್ಳು ತೆಗೆಯುವ ಬೆರಳು. ಹಾಡು ಮುಗಿಯುವವರೆಗೂ ನಾನು ಸುಮ್ಮನೆ ನೆಲ ತುಳಿದೆ, ಅವನು ಎಳೆದ. ಮುನಿರಾಜಣ್ಣ ಕೊಂಡಿ ಸಿಕ್ಕಿಸಲು ಕೈ ಚಾಚಿದವರು, ಒಂದು ಸಲ ಕೇಳಿ, ಕೈ ಹಿಂದಕ್ಕೆ ತೆಗೆದುಕೊಂಡರು.

ಊಟಕ್ಕೆ ಕೂತಾಗ ರುಕ್ಮಿಣಿಯೇ ಒಬ್ಬಟ್ಟು ಬಡಿಸುತ್ತಾ ಬಂದಳು. ನನ್ನ ಎಲೆಯ ಮುಂದೆ ನಿಂತು, ಮೆಲ್ಲಗೆ, "ಇವತ್ತು ಚೆನ್ನಾಗಿತ್ತು" ಎಂದಳು. ನಾನು ತುತ್ತನ್ನು ಎಲೆಯಲ್ಲೇ ಬಿಟ್ಟು ತಲೆ ಎತ್ತಿದೆ. "ಅದೇ, ಆಮೇಲಾಮೇಲೆ ಒಂದ್ ಜಾಗ ಬಂತಲ್ಲ, ಮೆತ್ತಗೆ ಮೇಲಕ್ಕೆ ಓಗೋದು. ಕಣ್ಣಲ್ಲಿ ನೀರೇ ಬಂದ್ಬಿಡ್ತು" ಎಂದು ಆ ಜಾಗವನ್ನು ಗುನುಗಿಯೂ ತೋರಿಸಿದಳು. ನಾನು ಪಕ್ಕದ ಎಲೆಯನ್ನು ತೋರಿಸಿ, "ಅದು ಮಾದಪ್ಪ ಎಳೆದದ್ದು" ಎಂದೆ. ಹೇಳದೆ ಇರಬಹುದಿತ್ತು. ಆದರೆ ಅವನ ಪಕ್ಕದಲ್ಲೇ ಕೂತು ಅದನ್ನು ನನ್ನದೆಂದು ನುಂಗಲು ಆಗಲಿಲ್ಲ.

ಅವಳು ಅವನ ಎಲೆಗೆ ಎರಡು ಒಬ್ಬಟ್ಟು ಹಾಕಿದಳು. ಮಾದಪ್ಪ ಗಾಬರಿಯಾಗಿ, "ಅಯ್ಯೋ ಅಕ್ಕ, ನಂದೇನೈತೆ? ಅಣ್ಣನ್ ಕಾಲು ಬಿದ್ದಂಗೆ ಎಳ್ದೆ, ಅಷ್ಟೇ. ಎಲ್ಲಾ ಆ ಕಾಲ್ದು" ಎಂದ. ಮುನಿರಾಜಣ್ಣ ತಲೆ ತಗ್ಗಿಸಿ, "ಕೊಂಡಿ ನಾನಾಕಿದ್ದು. ತಪ್ಪು ನಂದು" ಎಂದರು. ನಾನು, ಮಾದಪ್ಪ ಇಬ್ಬರೂ ಅದನ್ನು ಒಪ್ಪಲಿಲ್ಲ. ಸರಿಯಾದ ಜಾಗದಲ್ಲಿ ಕಳಚಿಕೊಳ್ಳುವಂಥ ಕೊಂಡಿಯನ್ನು ಈ ಎರಡು ಜಿಲ್ಲೆಯಲ್ಲಿ ಇನ್ನು ಯಾರು ಮಾಡುತ್ತಾರೆ ಎಂದು ಕೇಳಿದೆವು. ಅವರು ಸ್ವಲ್ಪ ಸಮಾಧಾನಪಟ್ಟುಕೊಂಡು ಪಾಯಸ ಹಾಕಿಸಿಕೊಂಡರು.

ಮಾರನೆಯ ದಿನವೇ ಮುನಿರಾಜಣ್ಣ ಮನೆಗೆ ಬಂದು ಕೊಂಡಿಯನ್ನು ಬಿಗಿಯಾಗಿ ಹಾಕಿಕೊಟ್ಟರು. ಅಂದಿನಿಂದ ಮಾದಪ್ಪನ ಹಾಗೆ ಮೆತ್ತಗೆ ತುಳಿಯಲು ಕಲಿಯುತ್ತಿದ್ದೇನೆ. ಅತ್ತ ಪೆನ್ನಾಗರಂನಲ್ಲಿ ಮಾದಪ್ಪ ನನ್ನ ಹಾಗೆ ಠಪ್ಪೆಂದು ತುಳಿಯಲು ಕಲಿಯುತ್ತಿದ್ದಾನಂತೆ. ಇಬ್ಬರದೂ ಕೆಟ್ಟಿದೆ. ಗುಂಪಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬಹಳ ಮೆಚ್ಚಿಕೊಂಡಿದ್ದೇವೆ. ನಾನು ಆ ಜಾಗಕ್ಕೆ ಬಂದಾಗ ಈಗ ರುಕ್ಮಿಣಿ ಅಡುಗೆಮನೆಯಿಂದ ತಲೆ ಹೊರಗೆ ಹಾಕುತ್ತಾಳೆ, ಅಷ್ಟರ ಮಟ್ಟಿಗೆ ನನ್ನ ಸಂಗೀತ ಮುಂದುವರಿದಿದೆ. ಪೂರ್ತಿ ಕೇಳುತ್ತಾಳೆ. ಕೇಳಿ, "ಮಾದಪ್ಪ ಯಾವಾಗ ಬರ್ತಾರಂತೆ?" ಎನ್ನುತ್ತಾಳೆ.

ಭಾನುವಾರ ಬರುತ್ತಾನೆ. ಕೊಂಡಿಯನ್ನು ನಾನೇ ಸ್ವಲ್ಪ ಸಡಿಲ ಮಾಡಿ ಇಟ್ಟಿದ್ದೇನೆ.