ಶಕ್ತಿ ಸಂರಕ್ಷಣೆಯೂ ನನ್ನ ಮೂಗಿನ ಸಂರಕ್ಷಣೆಯೂ

ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುವ ಹೆಣ್ಣನ್ನು ಕಟ್ಟಿಕೊಂಡವನಿಗೆ ಸೋಮಾರಿಯಾಗಿರುವ ಸ್ವಾತಂತ್ರ್ಯವೂ ಇರುವುದಿಲ್ಲ, ಸ್ವಾಮಿ. ಭಾನುವಾರ ಸೋಫಾದ ಮೇಲೆ ಬಿದ್ದುಕೊಂಡಿದ್ದರೆ ಬೇರೆ ಮನೆಗಳಲ್ಲಿ “ಎದ್ದೇಳ್ರೀ” ಎನ್ನುತ್ತಾರೆ. ನಮ್ಮ ಮನೆಯಲ್ಲಿ, “ಹೊರಗಿಂದ ಬಲ ಬೀಳೋ ತನಕ ಬಿದ್ದಿರೋ ವಸ್ತು ಬಿದ್ದೇ ಇರುತ್ತೆ. ಇದಕ್ಕೆ ಜಡತ್ವ ಅಂತಾರೆ. ಅತ್ತೇ, ಸ್ವಲ್ಪ ಬಲ ಪ್ರಯೋಗ ಮಾಡಿ!” ಎಂಬ ಆಜ್ಞೆ ಹೊರಡುತ್ತದೆ. ಅತ್ತೆ ಎಂದರೆ ನನ್ನನ್ನು ಹೆತ್ತ ತಾಯಿ. ಆಕೆ ಯಾರ ಪಕ್ಷ ಎಂದು ಮಾತ್ರ ಕೇಳಬೇಡಿ. ಪೊರಕೆ ಹಿಡಿದುಕೊಂಡೇ ಬರುತ್ತಾಳೆ.

ನಾನು ಫೋಟೋಗ್ರಾಫರ್. ಬಸ್ ನಿಲ್ದಾಣದ ಎದುರು ಪುಟ್ಟ ಸ್ಟುಡಿಯೋ ಇದೆ. ಊರಿನ ಅರ್ಧ ಮುಖಗಳನ್ನು ಬೆಳಕಿಗೆ ತಂದ ಕೀರ್ತಿ ನನ್ನದು. “ಒಂದು ಹೆಜ್ಜೆ ಮುಂದೆ ಬನ್ನಿ, ಬೆಳಕು ಮುಖಕ್ಕೆ ಬೀಳಲಿ” ಎಂಬ ಮಾತನ್ನು ಹೇಳಿ ಹೇಳಿ ಈಗ ನಿದ್ದೆಯಲ್ಲೂ ಹೇಳುತ್ತೇನಂತೆ. (ಹೆಂಡತಿ ನಿದ್ದೆಗಣ್ಣಲ್ಲೇ “ನೀವು ಹಿಂದಕ್ಕೆ ಸರೀರಿ, ಮಂಚದಲ್ಲಿ ಜಾಗ ಇಲ್ಲ” ಎಂದು ಉತ್ತರ ಕೊಡುತ್ತಾಳಂತೆ. ಇದು ಅಮ್ಮನ ವರದಿ.)

ಗೊಣಗುತ್ತೇನೆ ನಿಜ, ಆದರೆ ಒಳಗೊಳಗೇ ನನಗೆ ಅವಳ ಮೇಲೆ ಭಕ್ತಿ. ಒಮ್ಮೆ ಹಿತ್ತಲ ಬಾಗಿಲು ಬಿಗಿದುಕೊಂಡಿತು. ನಾನು ಕೀಲಿನ ಪಕ್ಕಕ್ಕೆ ಹೆಗಲು ಕೊಟ್ಟು, ಹಲ್ಲು ಕಚ್ಚಿ, ಕುಲದೇವರನ್ನೆಲ್ಲ ಕರೆದು ತಳ್ಳಿದೆ. ಬಾಗಿಲು ಜಗ್ಗಲಿಲ್ಲ. ಇವಳು ಬಂದವಳೇ ನನ್ನನ್ನು ಪಕ್ಕಕ್ಕೆ ಸರಿಸಿ, ಕೀಲಿನಿಂದ ದೂರದ ಅಂಚಿಗೆ ಒಂದು ಕೈ ಕೊಟ್ಟಳು. ಬಾಗಿಲು ಹೂವಿನ ಹಾಗೆ ತೆರೆದುಕೊಂಡಿತು. “ಬಲ ಎಷ್ಟು ಅನ್ನೋದಲ್ಲ ರೀ, ಎಲ್ಲಿ ಹಾಕ್ತೀವಿ ಅನ್ನೋದು” ಎಂದು ಒಳಗೆ ಹೋದಳು. ನಾನು ಎಷ್ಟೋ ಹೊತ್ತು ಆ ಬಾಗಿಲನ್ನು ತೆಗೆದು ಹಾಕಿ, ತೆಗೆದು ಹಾಕಿ ನೋಡುತ್ತಿದ್ದೆ.

ಅವಳ ಜೀವವೆಲ್ಲ ಇರುವುದು ಶಾಲೆಯ ಮೂಲೆಯ ಪ್ರಯೋಗದ ಕೋಣೆಯಲ್ಲಿ. ಅಲ್ಲಿನ ರಾಟೆ, ಸ್ಪ್ರಿಂಗು, ಇಳಿಜಾರಿನ ಹಲಗೆ ಎಲ್ಲವೂ ಅವಳೇ ಕೂಡಿಹಾಕಿದ್ದು. ಒಂದು ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟಳು. ಶಾಲೆಯ ಕಾರ್ಯದರ್ಶಿಗಳು ಆ ಕೋಣೆಯನ್ನು ಮುರಿದ ಬೆಂಚು ತುಂಬುವ ಉಗ್ರಾಣ ಮಾಡಲು ಹೊರಟಿದ್ದರು.

“ಎಲ್ಲಾ ಪುಸ್ತಕದಲ್ಲೇ ಇದೆಯಲ್ಲಾ ಮೇಡಂ, ಓದಿ ಹೇಳಿದ್ರೆ ಸಾಕು ಅಂದ್ರು” ಎಂದಳು. “ಓದಿದ್ರೆ ಬಾಯಿಪಾಠ ಆಗುತ್ತೆ ರೀ. ಕಣ್ಣಾರೆ ಕಂಡ್ರೆ ತಾನೇ ನಂಬಿಕೆ ಬರೋದು?”

ಅವಳ ಕಣ್ಣಲ್ಲಿ ನೀರಿತ್ತು. ಕೊನೆಗೆ ಕಾರ್ಯದರ್ಶಿಗಳು ಒಂದು ಅವಕಾಶ ಕೊಟ್ಟಿದ್ದರಂತೆ: ಶನಿವಾರ ಪೋಷಕರ ಸಭೆ, ಆ ಕೋಣೆಯಿಂದ ಏನು ಪ್ರಯೋಜನ ಎಂದು ಎಲ್ಲರೆದುರು ತೋರಿಸಬೇಕು. ಮೆಚ್ಚಿಗೆಯಾದರೆ ಕೋಣೆ ಉಳಿಯುತ್ತದೆ, ಇಲ್ಲವಾದರೆ ಬೆಂಚುಗಳ ಪಾಲು.

ಮರುದಿನ ನಮ್ಮ ಹಾಲಿನಲ್ಲೇ ತಾಲೀಮು. ಆಟದ ಮಾಸ್ತರರಿಂದ ಗುಂಡು ಎಸೆತದ ಕಬ್ಬಿಣದ ಗುಂಡು ತಂದು, ದಪ್ಪ ಬಟ್ಟೆಯ ಚೀಲಕ್ಕೆ ಹಾಕಿ, ಸೂರಿನ ಕೊಕ್ಕೆಯಿಂದ ಹಗ್ಗದಲ್ಲಿ ಇಳಿಬಿಟ್ಟಳು. ಆಮೇಲೆ ಗೋಡೆಗೆ ತಲೆ ಒರಗಿಸಿ ನಿಂತು, ಗುಂಡನ್ನು ತನ್ನ ಮೂಗಿನ ತುದಿಯವರೆಗೆ ಎಳೆದು, ಸುಮ್ಮನೆ ಬಿಟ್ಟಳು. ಗುಂಡು ಸುಂಯ್ ಎಂದು ಟಿವಿಯ ಕಡೆಗೆ ಹೋಯಿತು. ಹೋದದ್ದು ಅಷ್ಟೇ ರಭಸದಿಂದ ಅವಳ ಮುಖದತ್ತ ವಾಪಸು ಬಂತು.

“ಅಯ್ಯಯ್ಯೋ, ಸೊಸೆ ಹೋದಳಲ್ಲೋ!” ಎಂದು ಅಮ್ಮ ಕಿರುಚಿದಳು. ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟಾಗ ಸೊಸೆ ಎಲ್ಲೂ ಹೋಗಿರಲಿಲ್ಲ. ಗುಂಡು ಅವಳ ಮೂಗಿನ ಹತ್ತಿರ ಬಂದು, ಒಂದು ಕೂದಲೆಳೆಯಷ್ಟು ದೂರದಲ್ಲಿ ನಿಂತು, ಗುರುಗಳಿಗೆ ನಮಸ್ಕಾರ ಹೇಳಿದಂತೆ ಹಿಂದಕ್ಕೆ ಹೋಗಿತ್ತಂತೆ. ಇವಳು ರೆಪ್ಪೆ ಕೂಡ ಮಿಟುಕಿಸಲಿಲ್ಲ ಎಂದು ಅಮ್ಮ ಇವತ್ತಿಗೂ ಬೀದಿಯವರಿಗೆಲ್ಲ ಹೇಳುತ್ತಾಳೆ.

“ಎಷ್ಟು ಎತ್ತರದಿಂದ ಬಿಟ್ಟಿದ್ದೀವೋ ಅದಕ್ಕಿಂತ ಮೇಲೆ ಅದು ಏರೋಕೆ ಸಾಧ್ಯವೇ ಇಲ್ಲ ರೀ. ಅಷ್ಟು ಶಕ್ತಿ ಅದಕ್ಕೆ ಎಲ್ಲಿಂದ ಬರಬೇಕು? ಗಾಳಿ ಬೇರೆ ಒಂಚೂರು ತಡೆಯುತ್ತೆ. ಹಾಗಾಗಿ ಸ್ವಲ್ಪ ಕಮ್ಮಿನೇ ಬರುತ್ತೆ” ಎಂದಳು. “ಬಿಡುವಾಗ ತಳ್ಳಬಾರದು, ಬಿಟ್ಟ ಮೇಲೆ ಮುಂದಕ್ಕೆ ಬರಬಾರದು. ಅಷ್ಟೇ.”

ಆಗ ಹೊಳೆಯಿತು ನೋಡಿ ನನಗೆ ಆ ಮಹಾ ಉಪಾಯ.

“ಸಭೆಯಲ್ಲಿ ನಾನು ನಿಲ್ತೀನಿ ಕಣೇ. ನೀನು ಪಕ್ಕದಲ್ಲಿ ನಿಂತು ವಿವರಿಸು. ಕಟ್ಟಿಕೊಂಡ ಗಂಡನನ್ನೇ ಗುಂಡಿಗೆ ಒಡ್ಡಿದ್ದಾಳೆ ಅಂದ್ರೆ ವಿಜ್ಞಾನದ ಮೇಲೆ ಎಷ್ಟು ನಂಬಿಕೆ ಇರಬೇಕು ಅಂತ ಜನ ಬೆರಗಾಗ್ತಾರೆ.”

“ಕಟ್ಟಿಕೊಂಡ ಗಂಡನ ಮೇಲೆ ಎಷ್ಟು ಸಿಟ್ಟಿರಬೇಕು ಅಂತಾನೂ ಅಂದ್ಕೋಬಹುದು” ಎಂದಳು ಅಮ್ಮ.

“ನೀವಾ? ಅಲುಗಾಡದೆ ನಿಲ್ಲೋದಾ?” ಹೆಂಡತಿಗೆ ಅನುಮಾನ.

“ಯಾಕೆ? ನಾನು ಜಡತ್ವ ಇರೋ ವಸ್ತು ಅಂತ ವಾರವಾರವೂ ಹೇಳ್ತೀಯಲ್ಲಾ!”

ಮದುವೆಯಾದ ಮೇಲೆ ಮೊದಲ ಬಾರಿಗೆ ಅವಳು ನನ್ನ ವಾದಕ್ಕೆ ತಲೆಯಾಡಿಸಿ ಒಪ್ಪಿದಳು. ಆ ಗೆಲುವಿನ ಅಮಲಿನಲ್ಲಿ ನಾನು ಇನ್ನೊಂದು ಘೋಷಣೆಯನ್ನೂ ಮಾಡಿದೆ: ಈ ಐತಿಹಾಸಿಕ ಕ್ಷಣದ ಫೋಟೋ ತೆಗೆಯುವವನೂ ನಾನೇ!

ಶನಿವಾರ ಶಾಲೆಯ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಕಾರ್ಯದರ್ಶಿಗಳು ಕೈಕಟ್ಟಿ, ಆಗಲೇ ಬೆಂಚು ಎಣಿಸುತ್ತಿರುವವರ ಮುಖ ಮಾಡಿಕೊಂಡು ಕೂತಿದ್ದರು. ತೊಲೆಯಿಂದ ಗುಂಡು ತೂಗುತ್ತಿತ್ತು. ನಾನು ನಿಲ್ಲಬೇಕಾದ ಕಂಬಕ್ಕೆ ಹೆಂಡತಿ ಸೀಮೆಸುಣ್ಣದಿಂದ ಗುರುತು ಹಾಕಿದ್ದಳು. “ತಲೆ ಕಂಬಕ್ಕೆ ಅಂಟಿರಲಿ. ಭೂಮಿ ಬಾಯಿಬಿಟ್ರೂ ಕಂಬ ಬಿಡಬೇಡಿ” ಎಂದು ಕಿವಿಯಲ್ಲಿ ಹೇಳಿದಳು. ನಾನು ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ತಾನಾಗಿಯೇ ಫೋಟೋ ತೆಗೆಯುವ ಟೈಮರ್ ಒತ್ತಿ, ಓಡಿಬಂದು ಕಂಬಕ್ಕೆ ಒರಗಿದೆ.

ಹೆಂಡತಿ ಗುಂಡನ್ನು ನನ್ನ ಮೂಗಿನವರೆಗೆ ತಂದು ಬಿಟ್ಟಳು. ಅದು ದೂರ ಹೋಯಿತು. ಸಭೆ ಉಸಿರು ಬಿಗಿಹಿಡಿಯಿತು. ಸತ್ಯವಾಗಿ ಹೇಳುತ್ತೇನೆ, ನನಗೆ ಎಳ್ಳಷ್ಟೂ ಭಯವಾಗಲಿಲ್ಲ. ಗುಂಡು ಮೂಗಿಗೆ ತಾಗುವುದಿಲ್ಲ ಎಂದು ಅವಳು ಹೇಳಿದ ಮೇಲೆ ತಾಗುವುದಿಲ್ಲ. ಆ ನೆಮ್ಮದಿಯಲ್ಲೇ ಕ್ಯಾಮೆರಾದ ಕಡೆ ಕಣ್ಣು ಹಾಯಿಸಿದೆ. ಕೆಂಪು ದೀಪ ಬೇಗಬೇಗ ಮಿನುಗುತ್ತಿತ್ತು. ಕಿಟಕಿಯ ಬಿಸಿಲು ನನ್ನ ಮುಂದೆಯೇ ನೆಲದ ಮೇಲೆ ಬಿದ್ದಿತ್ತು. ನಾನೋ ಕಂಬದ ನೆರಳಲ್ಲಿ! ಮುಖ ಕಪ್ಪಗೆ ಬರುತ್ತದಲ್ಲ! ಇಷ್ಟು ವರ್ಷದ ನನ್ನ ಕಸುಬು ಒಳಗಿನಿಂದ ಕೂಗಿತು: ಒಂದು ಹೆಜ್ಜೆ ಮುಂದೆ ಬನ್ನಿ, ಬೆಳಕು ಮುಖಕ್ಕೆ ಬೀಳಲಿ.

ಬಂದೆ.

ಇಡೀ ಸಭೆ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ನಾನು ಕರವಸ್ತ್ರ ಇಟ್ಟುಕೊಂಡೆ.

ಹೆಂಡತಿ ಓಡಿಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಮೂಗು ಮುಟ್ಟಿ ನೋಡಿ, ಮುರಿದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಉಸಿರು ಬಿಟ್ಟಳು. ಹಿಂದಿನಿಂದ ಕಾರ್ಯದರ್ಶಿಗಳ ಧ್ವನಿ: “ಏನು ಮೇಡಂ, ನಿಮ್ಮ ನಿಯಮ ಹೀಗಾ?” ಅಲ್ಲಲ್ಲಿ ನಗು. ನನಗೆ ಮೂಗಿಗಿಂತ ಎದೆ ನೋಯಿತು. ಅವಳ ಕೋಣೆಯನ್ನು ನನ್ನ ಕೈಯಾರೆ, ಅಲ್ಲ, ಕಾಲಾರೆ ಕಳೆದಿದ್ದೆ.

ಅವಳು ನಿಧಾನವಾಗಿ ಸಭೆಯತ್ತ ತಿರುಗಿದಳು.

“ನಿಯಮ ತಪ್ಪಿಲ್ಲ ಸರ್. ತಪ್ಪಿದ್ದು ನಮ್ಮ ಯಜಮಾನ್ರು. ಗುಂಡು ಹೊರಟ ಜಾಗಕ್ಕೇ ವಾಪಸ್ ಬರ್ತಾ ಇತ್ತು, ಇವರು ದಾರಿಯಲ್ಲೇ ಹೋಗಿ ಎದುರುಗೊಂಡ್ರು. ಈಗ ನೋಡಿ.”

ಸೀರೆಯ ಸೆರಗು ಸಿಕ್ಕಿಸಿಕೊಂಡು, ಕಂಬಕ್ಕೆ ತಲೆ ಒರಗಿಸಿ, ಈಗಷ್ಟೇ ಗಂಡನ ಮೂಗು ಜಜ್ಜಿದ ಆ ಗುಂಡನ್ನೇ ತನ್ನ ಮೂಗಿಗೆ ತಂದುಕೊಂಡಳು. “ರೀ, ಫೋಟೋ ತೆಗೀರಿ” ಎಂದಳು. ನಾನು ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿದು ಎದ್ದೆ. ಗುಂಡು ಹೋಯಿತು. ಗುಂಡು ಬಂತು. ಕ್ಲಿಕ್ಕಿಸಿದೆ.

ಚಪ್ಪಾಳೆ! ಮಕ್ಕಳು ಬೆಂಚಿನ ಮೇಲೆ ಹತ್ತಿ ಕುಣಿದರು. “ಇನ್ನೊಂದ್ಸಲ ಮೇಡಂ, ಇನ್ನೊಂದ್ಸಲ!” ಕಾರ್ಯದರ್ಶಿಗಳು ತಾವೇ ಎದ್ದುಬಂದು, ಕನ್ನಡಕ ತೆಗೆದಿಟ್ಟು, ಕಂಬಕ್ಕೆ ಒರಗಿ ನಿಂತರು. ಗುಂಡು ಅವರ ಮೂಗನ್ನೂ ಉಳಿಸಿತು. “ಕೋಣೆ ನಿಮ್ಮದೇ ಮೇಡಂ. ಬೆಂಚಿಗೆ ಬೇರೆ ಜಾಗ ನೋಡ್ತೀವಿ” ಎಂದರು. ನನ್ನ ಹೆಂಡತಿ ಮಗುವಿನ ಹಾಗೆ ನಕ್ಕಳು. ಆ ನಗುವಿಗೆ ಇನ್ನೆರಡು ಮೂಗು ಇದ್ದಿದ್ದರೂ ಕೊಡುತ್ತಿದ್ದೆ.

“ಇವತ್ತಿನ ಫೋಟೋ ದೊಡ್ಡದು ಮಾಡಿಸಿ ಆ ಕೋಣೆಯಲ್ಲಿ ಹಾಕೋಣ” ಎಂದೂ ಕಾರ್ಯದರ್ಶಿಗಳು ಹೇಳಿದರು. ನಾನು ಹೆಮ್ಮೆಯಿಂದ ಒಪ್ಪಿಕೊಂಡೆ.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ, ಹೆಂಡತಿಯ ಫೋಟೋದಲ್ಲಿ ಸಭಾಂಗಣದ ಸೂರು, ಅದರಲ್ಲಿ ಒಂದು ಫ್ಯಾನು. ಗುಂಡು ಅವಳತ್ತ ಬಂದಾಗ ನಾನು ಮತ್ತೆ ಕಣ್ಣು ಮುಚ್ಚಿದ್ದೆ. ಅವಳ ನಿಯಮದ ಮೇಲೆ ನನ್ನ ಮೂಗಿಗಿದ್ದ ನಂಬಿಕೆ, ಅವಳ ಮೂಗಿನ ವಿಷಯ ಬಂದಾಗ ಯಾಕೋ ಸಾಲದೆ ಹೋಗಿತ್ತು.

ಟೈಮರ್ ತೆಗೆದ ಫೋಟೋ ಮಾತ್ರ ಅಚ್ಚುಕಟ್ಟಾಗಿ ಬಂದಿತ್ತು. ಗುಂಡು, ಮೂಗು, ಎರಡೂ ಸೇರಿದ ಶುಭ ಮುಹೂರ್ತ, ಮೇಲಕ್ಕೇರಿದ ನನ್ನ ಎರಡು ಹುಬ್ಬು. ಈಗ ಅದೇ ಪ್ರಯೋಗದ ಕೋಣೆಯ ಗೋಡೆಯ ಮೇಲಿದೆ. ದೊಡ್ಡದು ಮಾಡಿ, ಗಾಜು ಹಾಕಿ, ಚೌಕಟ್ಟು ಕಟ್ಟಿಕೊಟ್ಟವನು ನಾನೇ. ಮಕ್ಕಳು ಪ್ರತಿ ವರ್ಷ ಅದನ್ನು ನೋಡಿಯೇ ಪಾಠ ಕಲಿಯುತ್ತಾರಂತೆ.

ಅಂದು ಕಂಪ್ಯೂಟರಿನ ಮುಂದೆ ಅಮ್ಮ ನಕ್ಕು ನಕ್ಕು ನೆಲದ ಮೇಲೆ ಕೂತಿದ್ದಳು. ಹೆಂಡತಿ ನನ್ನ ಊದಿದ ಮೂಗಿಗೆ ಐಸ್ ಒತ್ತುತ್ತಾ ಬಹಳ ಹೊತ್ತು ಆ ಫೋಟೋವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು:

“ರೀ, ಬೆಳಕು ಮಾತ್ರ ಮುಖಕ್ಕೆ ಎಷ್ಟು ಚೆನ್ನಾಗಿ ಬಿದ್ದಿದೆ!”