ನಿಂಗರಾಜ ಮಾಸ್ತರರ ನಾಡಿ

ನಿಂಗರಾಜ ಮಾಸ್ತರ ಕೊಂಡದ್ದು ನಾಡಿ ಎಣಿಸುವ ಕೈಗಡಿಯಾರ. ಕೂಡ ಬಂದದ್ದು ಫಜೀತಿ. ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವನು, ಅದನ್ನು ಕಟ್ಟಿಕೊಂಡ ಮೇಲೆ ಅಳೆಯಲಾಗದ್ದನ್ನು ನಂಬುವುದನ್ನೇ ಬಿಟ್ಟ.

"ಬೀರಪ್ಪನ ಮುಂದ ನಿಂತ್ರ ಎದಿ ತುಂಬಿ ಬರ್ತೈತ್ರಿ. ಅದಕ್ಕಿಂತ ಸಾಕ್ಷಿ ಏನ್ ಬೇಕು?" ಎಂದು ಒಂದು ದಿನ ಸ್ಟಾಫ್‌ರೂಮಿನಲ್ಲಿ ಊರದೇವರ ಮಾತೆತ್ತಿದ ಕನ್ನಡ ಮಾಸ್ತರ ಸಂಗಯ್ಯ.

"ತುಂಬೂದನ್ನ ಅಳದು ತೋರಸ್ರಿ. ಆಮ್ಯಾಲೆ ನಂಬೂಣು," ಎಂದ ನಿಂಗರಾಜ.

"ಅಳಿಯೂ ಮಷೀನು ನಿಮ್ಮ ಕೈಯಾಗ ಐತೆಲ್ಲ," ಎಂದು ಗಣಿತದ ಜಹೀರ ನಡುವೆ ಬಾಯಿ ಹಾಕಿದ. "ಐತವಾರ ಗುಡಿಗೆ ಹೋಗೂಣು. ನಾಡಿ ಏರಿದ್ರ ದೇವರದಾನ, ಏರದಿದ್ರ ಇಲ್ಲ. ನಾ ಅಂಪೈರ್."

ಆ ಭಾನುವಾರವೇ ಹೆಂಡತಿ ಸುರೇಖಾಳ ತವರು ಕಲಾದಗಿಯಲ್ಲಿ ತೊಟ್ಟಿಲ ಕಾರ್ಯವಿತ್ತು. "ಬಾಗಲಕೋಟ್ಯಾಗ ಟ್ರೇನಿಂಗ್ ಐತಿ, ನೀ ಹೋಗಿ ಬಾ," ಎಂದು ಸುಳ್ಳು ಹೇಳಿದ ನಿಂಗರಾಜ ಬೆಳಗ್ಗೆಯೇ ಮನೆ ಬಿಟ್ಟ.

ಗುಡಿಯಲ್ಲಿ ಆಗಲೇ ಅರ್ಧ ಊರು ನೆರೆದಿತ್ತು. ಸಂಗಯ್ಯನ ಬಾಯಿಗೆ ಬಿದ್ದ ಸುದ್ದಿಗೆ ಡಂಗುರ ಬೇಕಿರಲಿಲ್ಲ. "ದೇವರಿಗೂ ಪರೀಕ್ಷಾ ಬಂತೇನಪಾ? ಹೆಂಗರ ಮಾಡಿ ಪಾಸ್ ಮಾಡ್ರಿ," ಎಂದು ಮುದುಕಿ ಗುರುಲಿಂಗವ್ವ ಬೇಡಿಕೊಂಡಳು.

ನಿಂಗರಾಜ ದೇವರ ಮುಂದೆ ನಿಂತ. ಜಹೀರ ಅವನ ಕೈ ಹಿಡಿದು ಗಟ್ಟಿಯಾಗಿ ಓದಿದ: "ಎಪ್ಪತ್ತೆರಡು."

ಪೂಜಾರಿ ಹನಮಂತಪ್ಪ ಗಂಟೆ ಬಾರಿಸಿದ. ಎಪ್ಪತ್ತೆರಡು. ಹಣೆಗೆ ಭಂಡಾರದ ಅರಿಶಿನ ಬಳಿದ. ಆಗಲೂ ಎಪ್ಪತ್ತೆರಡು. ಸಂಗಯ್ಯನ ಮುಖ ಆರಿದ ಚಹಾದಂತಾಯಿತು. ಗೆದ್ದ ನಗೆ ಬೀರಲೆಂದು ನಿಂಗರಾಜ ಹೆಣ್ಣುಮಕ್ಕಳ ಸಾಲಿನತ್ತ ತಿರುಗಿದ. ಅಲ್ಲಿ, ಬಸ್ಸು ಹತ್ತುವ ಮುಂಚೆ ಕಾಯಿ ಒಡೆಸಲು ಬಂದಿದ್ದ ಸುರೇಖಾ ಅವನನ್ನೇ ನೋಡುತ್ತ ನಿಂತಿದ್ದಳು.

"ತೊಂಬತ್ತಾರು. ನೂರಾ ಹದಿನೆಂಟು. ಯಪ್ಪಾ, ನೂರಾ ನಲವತ್ತು," ಎಂದ ಜಹೀರ.

ನಿಂಗರಾಜನ ಎದೆ ಇಳಕಲ್ಲಿನ ಕಲ್ಲು ಕೊರೆಯುವ ಯಂತ್ರದಂತೆ ಬಡಿಯುತ್ತಿತ್ತು. ಡೊಳ್ಳು ಶುರುವಾಯಿತು. ಸಂಗಯ್ಯ ಕಣ್ಣೊರೆಸಿಕೊಂಡ. "ಪಾಸಾದ್ನಪಾ ನಮ್ಮ ಬೀರಪ್ಪ," ಎಂದು ಗುರುಲಿಂಗವ್ವ ನಿಟ್ಟುಸಿರುಬಿಟ್ಟಳು.

"ಯಾಕ್ ಏರ್ತು, ನಿಮ್ಮ ಬಾಯಿಲೆ ಹೇಳ್ರಿ ಸರ," ಎಂದು ಎಲ್ಲರೂ ಸುತ್ತುವರಿದರು.

ಹೆಂಡತಿಯನ್ನು ಕಂಡು ಏರಿತೆಂದರೆ ನಿವೃತ್ತಿಯವರೆಗೂ ಸ್ಟಾಫ್‌ರೂಮು ನಗುತ್ತದೆ. ದೇವರನ್ನು ಕಂಡು ಎಂದರೆ ವಿಜ್ಞಾನಕ್ಕೆ ದ್ರೋಹ. ಆದರೆ ವಿಜ್ಞಾನಕ್ಕೆ ಬಾಯಿಲ್ಲ, ಸ್ಟಾಫ್‌ರೂಮಿಗೆ ಇದೆ. "ದೇವರನ್ನ ನೋಡೇ ಏರ್ತು," ಎಂದು ಗೊಣಗಿದ. ಕೊರಳಿಗೆ ಹಾರ ಬಿತ್ತು.

ಕಲಾದಗಿಯ ಬಸ್ಸು ಹೊರಟುಹೋಗಿತ್ತು. ಸುರೇಖಾ ಗಂಡನೊಂದಿಗೆ ಮನೆಗೆ ಮರಳಿದಳು. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ ಮೆಲ್ಲಗೆ ಕೇಳಿದಳು: "ಅಲ್ರೀ, ಅದು ದೇವರನ್ನ ನೋಡಿ ಏರಿದ್ದಲ್ಲ. ನನ್ನ ನೋಡಿದ ಕೂಡ್ಲೆ ಏರ್ತು. ಹೌದಲ್ಲ?"

ನಿಂಗರಾಜನಿಗೆ ಜೀವ ಬಂದಂತಾಯಿತು. ಇಡೀ ಊರಲ್ಲಿ ಸರಿಯಾಗಿ ಗಮನಿಸಿದವಳು ಇವಳೊಬ್ಬಳೇ. "ಖರೆ ಐತಿ. ದೇವರೂ ಇಲ್ಲ, ಏನೂ ಇಲ್ಲ. ನಿನ್ನ ನೋಡೇ ಏರಿದ್ದು."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಟ್ರೇನಿಂಗ್ ಅಂತ ಸುಳ್ಳು ಹೇಳಿದ್ದನ್ನ ಕೇಳಬೇಕಂತಿದ್ದೆ. ಹೋಗ್ಲಿ ಬಿಡ್ರಿ. ಮದುವಿಯಾಗಿ ಇಷ್ಟು ವರ್ಷಾದ್ರೂ ನನ್ನ ಕಂಡ್ರ ನಿಮ್ಮ ಎದಿ ಹಂಗ ಹೊಡ್ಕೊಂತೈತೇನು?"

ಬುದ್ಧಿಯಿದ್ದ ಯಾವ ಗಂಡನಾದರೂ ಅಲ್ಲಿಗೇ ಸುಮ್ಮನಾಗುತ್ತಿದ್ದ. ನಿಂಗರಾಜನಿಗೆ ಇದ್ದದ್ದು ವಿಜ್ಞಾನ.

"ಹಂಗಲ್ಲ," ಎಂದು ಪಾಠದ ದನಿಯಲ್ಲಿ ಶುರುಮಾಡಿದ. "ಪ್ರೀತಿ ಆದ್ರೂ ನಾಡಿ ಏರ್ತೈತಿ, ಹೆದರಿಕಿ ಆದ್ರೂ ಏರ್ತೈತಿ. ಮಷೀನಿಗೆ ಎರಡೂ ಒಂದ. ನಂದು ಹೆದರಿಕಿ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಒಲೆಯ ಮೇಲಿನ ರೊಟ್ಟಿ ಕಮರಿದ ವಾಸನೆ ಬಂದರೂ ಅದನ್ನು ಯಾರೂ ತಿರುವಿ ಹಾಕಲಿಲ್ಲ. ಸುರೇಖಾ ನಿಧಾನವಾಗಿ ಎದ್ದು ನಿಂತಳು.

ನಿಂಗರಾಜ ಬಾಗಿಲಿನತ್ತ ನೋಡಿದ. ಸಂಗಯ್ಯನಾಗಲಿ ಜಹೀರನಾಗಲಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದ.

"ಬೀರಪ್ಪಾ, ನೀನ ಕಾಯಬೇಕಪಾ."